ಬೆಕ್ಕಿಗೆ ಸಲೈನ್ ಎಷ್ಟು ಬೇಕು? ಲೆಕ್ಕ ಶುರುವಾಗುವುದು ತೂಕದಿಂದ

ಬುಕ್ಕಸಾಗರ, ಕಂಪ್ಲಿ, ಹೊಸಪೇಟೆ ಕಡೆಯ ಬೇಸಿಗೆ ಹೇಗಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಇಂಥ ಬಿಸಿಲಿನಲ್ಲಿ ಮನೆಯ ಬೆಕ್ಕು ವಾಂತಿ-ಭೇದಿ ಮಾಡಿಕೊಂಡು, ಊಟ ಬಿಟ್ಟು ಮೂಲೆ ಸೇರಿದರೆ ಅದರ ದೇಹದ ನೀರು ಬೇಗನೆ ಇಳಿಯುತ್ತದೆ. ಪಶುವೈದ್ಯರು ಸಲೈನ್ ಹಚ್ಚುತ್ತಾರೆ. "ಒಂದು ಬಾಟಲಿ ಬೇಗ ಏರಿಸಿಬಿಡಿ ಡಾಕ್ಟ್ರೇ" ಎಂದು ನಾವು ಅವಸರಪಡಿಸುತ್ತೇವೆ. ಆದರೆ ಸಲೈನ್ ಕಡಿಮೆಯಾದರೂ ಅಪಾಯ, ಹೆಚ್ಚಾದರೂ ಅಪಾಯ. ಅದಕ್ಕೇ ವೈದ್ಯರು ಮೊದಲು ಲೆಕ್ಕ ಹಾಕುತ್ತಾರೆ.

ಲೆಕ್ಕದಲ್ಲಿ ಮೂರು ಭಾಗ

ಮೊದಲನೆಯದು, ಈಗಾಗಲೇ ಕಳೆದುಹೋದ ನೀರು. ವೈದ್ಯರು ಬೆಕ್ಕಿನ ಹೆಗಲ ಮೇಲಿನ ಚರ್ಮವನ್ನು ಮೆಲ್ಲನೆ ಎತ್ತಿ ಬಿಡುತ್ತಾರೆ. ಆರೋಗ್ಯವಂತ ಬೆಕ್ಕಿನ ಚರ್ಮ ಕೂಡಲೇ ಹಿಂದಕ್ಕೆ ಹೋಗುತ್ತದೆ. ನಿಧಾನವಾದರೆ, ವಸಡು ಒಣಗಿ ಅಂಟಂಟಾಗಿದ್ದರೆ, ದೇಹದ ತೂಕದ ಶೇ. 7-8ರಷ್ಟು ನೀರು ಹೋಗಿದೆ ಎಂದು ಅಂದಾಜು. ಕಣ್ಣು ಗುಳಿಬಿದ್ದು, ಎತ್ತಿದ ಚರ್ಮ ಹಾಗೇ ನಿಂತರೆ ಶೇ. 10ನ್ನೂ ಮೀರಿರಬಹುದು. 3 ಕಿಲೋ ತೂಕದ ಬೆಕ್ಕಿಗೆ ಶೇ. 8 ಕೊರತೆ ಎಂದರೆ 240 ಮಿ.ಲೀ.

ಎರಡನೆಯದು, ದಿನದ ಅಗತ್ಯ. ಉಸಿರು ಮತ್ತು ಮೂತ್ರದಲ್ಲಿ ನೀರು ಹೋಗುತ್ತಲೇ ಇರುತ್ತದೆ. ಪ್ರತಿ ಕಿಲೋಗೆ ದಿನಕ್ಕೆ ಸುಮಾರು 50 ಮಿ.ಲೀ. ಎಂದು ಹಿಡಿದರೆ 150 ಮಿ.ಲೀ.

ಮೂರನೆಯದು, ಚಿಕಿತ್ಸೆಯ ನಡುವೆಯೂ ವಾಂತಿ-ಭೇದಿಯಲ್ಲಿ ಹೋಗುವ ನೀರು. ಇದನ್ನು 60 ಮಿ.ಲೀ. ಎಂದುಕೊಳ್ಳೋಣ.

ಒಟ್ಟು 450 ಮಿ.ಲೀ. ಇದನ್ನು 24 ಗಂಟೆಯಲ್ಲಿ ಕೊಟ್ಟರೆ ಗಂಟೆಗೆ ಸುಮಾರು 19 ಮಿ.ಲೀ. 60 ಹನಿಗೆ 1 ಮಿ.ಲೀ. ಬೀಳುವ ಸಣ್ಣ ಹನಿಯ ಸೆಟ್‌ನಲ್ಲಿ ನಿಮಿಷಕ್ಕೆ 19 ಹನಿ. 20 ಹನಿಗೆ 1 ಮಿ.ಲೀ. ಬೀಳುವ ಸೆಟ್‌ನಲ್ಲಾದರೆ ನಿಮಿಷಕ್ಕೆ 6 ಹನಿ ಮಾತ್ರ.

ನಾಯಿಗೂ ಲೆಕ್ಕದ ಕ್ರಮ ಇದೇ. 15 ಕಿಲೋ ನಾಯಿಗೆ ಶೇ. 8 ಕೊರತೆ ಎಂದರೆ 1,200 ಮಿ.ಲೀ. ಬೆಕ್ಕಿನ ಅಳತೆ ನಾಯಿಗೆ ಸಾಲದು, ನಾಯಿಯ ಅಳತೆ ಬೆಕ್ಕು ತಾಳದು.

ಅವಸರ ಏಕೆ ಬೇಡ?

ಹೆಚ್ಚು ಸಲೈನ್ ವೇಗವಾಗಿ ಹೋದರೆ ನೀರು ಶ್ವಾಸಕೋಶದಲ್ಲಿ ತುಂಬಿಕೊಳ್ಳಬಹುದು. ಬೆಕ್ಕಿಗೆ, ಅದರಲ್ಲೂ ಹೃದಯದ ತೊಂದರೆ ಇರುವ ಬೆಕ್ಕಿಗೆ, ಈ ಅಪಾಯ ಹೆಚ್ಚು. ಡ್ರಿಪ್ ಹೋಗುವಾಗ ಉಸಿರಾಟ ಜೋರಾದರೆ, ಮೂಗಿನಿಂದ ನೀರು ಸುರಿದರೆ ತಕ್ಷಣ ವೈದ್ಯರಿಗೆ ಹೇಳಿ. ಪ್ರಾಣಿ ಕುಸಿದುಬಿದ್ದ ತುರ್ತು ಸ್ಥಿತಿಯಲ್ಲಿ ವೈದ್ಯರೇ ಮೊದಲು ವೇಗವಾಗಿ ಕೊಡುವುದುಂಟು. ಆ ನಿರ್ಧಾರ ಅವರದು. ಮನೆಯಲ್ಲಿ ನೀವೇ ಸಲೈನ್ ಹಚ್ಚಬೇಡಿ, ಹನಿಯ ಗಾಲಿಯನ್ನೂ ತಿರುಗಿಸಬೇಡಿ.

ನೀವು ಮಾಡಬಹುದಾದದ್ದು

ಬೆಕ್ಕನ್ನು ಎತ್ತಿಕೊಂಡು ತಕ್ಕಡಿಯ ಮೇಲೆ ನಿಲ್ಲಿ, ಬಳಿಕ ಒಬ್ಬರೇ ನಿಲ್ಲಿ. ಎರಡರ ವ್ಯತ್ಯಾಸವೇ ಅದರ ತೂಕ. ಎಷ್ಟು ಸಲ ವಾಂತಿ, ಎಷ್ಟು ಸಲ ಭೇದಿ, ಕೊನೆಯ ಸಲ ಮೂತ್ರ ಮಾಡಿದ್ದು ಯಾವಾಗ ಎಂದು ಬರೆದಿಡಿ. ಲೆಕ್ಕಕ್ಕೆ ಬೇಕಾಗುವುದು ಇದೇ. ನಿತ್ರಾಣಗೊಂಡ ಪ್ರಾಣಿಯ ಬಾಯಿಗೆ ಬಲವಂತವಾಗಿ ನೀರು ಹೊಯ್ಯಬೇಡಿ, ಅದು ಶ್ವಾಸಕೋಶಕ್ಕೆ ಹೋಗಬಹುದು. ಪ್ಯಾರಾಸಿಟಮಾಲ್ ಮಾತ್ರೆಯನ್ನಂತೂ ಬೆಕ್ಕಿಗೆ ಕೊಡಲೇಬೇಡಿ, ಅದು ಬೆಕ್ಕಿಗೆ ವಿಷ.

ವಾಂತಿ-ಭೇದಿ ಬಿದ್ದ ನೆಲವನ್ನೂ ನಮಾಝಿನ ಚಾಪೆಯನ್ನೂ ತೊಳೆಯಿರಿ. ಆಮೇಲೆ ಸಾಬೂನಿನಿಂದ ಕೈ ತೊಳೆದುಕೊಳ್ಳಿ. ಮಕ್ಕಳನ್ನು ಆ ಜಾಗದಿಂದ ದೂರವಿಡಿ.

ಚರ್ಮ ಹಿಂದಕ್ಕೆ ಹೋಗಲು ತಡವಾಗುತ್ತಿದ್ದರೆ ನಾಳೆ ನೋಡೋಣ ಎನ್ನಬೇಡಿ. ಅಂದೇ ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಿರಿ. ಬಾಯಿಲ್ಲದ ಜೀವ ತನ್ನ ಬಾಯಾರಿಕೆಯನ್ನು ಹೇಳಲಾರದು, ನಾವೇ ನೋಡಿ ತಿಳಿದುಕೊಳ್ಳಬೇಕು.