ಹಮಾಮಿನ ಒಲೆಗೆ ಏಳು ಲಕ್ಷ ಪುಸ್ತಕ

ಅಲೆಕ್ಸಾಂಡ್ರಿಯಾದ ಗ್ರಂಥಾಲಯವನ್ನು ಸುಡಿಸಿದ್ದು ಖಲೀಫ ಉಮರ್ ಎಂಬ ಕಥೆ ವಾಟ್ಸ್ಆಪಿನಲ್ಲಿ ಮತ್ತೆ ಸುತ್ತುತ್ತಿದೆ. 642ರ ಹೊತ್ತಿಗೆ ಅರಬ್ಬರ ದಂಡನಾಯಕ ಅಮ್ರ್ ಇಬ್ನ್ ಅಲ್-ಆಸ್ ಊರನ್ನು ಗೆದ್ದ, ಅದು ಸರಿ. ಮುಂದಿನದೆಲ್ಲ ಅಂತೆಕಂತೆ. ಪುಸ್ತಕಗಳನ್ನೇನು ಮಾಡಲೆಂದು ಮದೀನಾದಲ್ಲಿದ್ದ ಖಲೀಫನನ್ನು ಕೇಳಿ ಕಳಿಸಿದನಂತೆ. ಕುರಾನಿಗೆ ಒಪ್ಪುವುದಾದರೆ ಅವು ಅನಗತ್ಯ, ಒಪ್ಪದಿದ್ದರೆ ಅಪಾಯ, ಸುಟ್ಟುಬಿಡು ಎಂದು ಉತ್ತರ ಬಂತಂತೆ. ಊರಿನ 4,000 ಹಮಾಮುಗಳ, ಅಂದರೆ ಸಾರ್ವಜನಿಕ ಸ್ನಾನಗೃಹಗಳ, ಒಲೆಗೆ ಆರು ತಿಂಗಳು ಅವೇ ಸೌದೆಯಾದುವಂತೆ.

ಗುಣಿಸಿ ನೋಡುವಷ್ಟಾದರೂ ಪುರುಸೊತ್ತು ಬೇಡವೇ? ಒಲೆಯೊಂದಕ್ಕೆ ದಿನಕ್ಕೊಂದೇ ಪುಸ್ತಕ ಎಂದರೂ ಏಳು ಲಕ್ಷ ದಾಟುತ್ತದೆ. ಒಂದು ಪುಸ್ತಕ ಉರಿಸಿ ಹಂಡೆ ನೀರು ಕಾಯಿಸಿದವರಿದ್ದರೆ ಮುಂದೆ ಬರಲಿ. ಪುಸ್ತಕಗಳನ್ನು ತನಗೆ ಕೊಡೆಂದು ಅಮ್ರ್‌ನನ್ನು ಬೇಡಿದನೆನ್ನಲಾದ ವಿದ್ವಾಂಸ ಜಾನ್ ಫಿಲೊಪೊನಸ್ 6ನೇ ಶತಮಾನದವನು. ಆಗ ಬದುಕಿದ್ದರೆ ವಯಸ್ಸು ನೂರೈವತ್ತರ ಆಸುಪಾಸು!

ಆ ಗ್ರಂಥಾಲಯವಾದರೂ ಅಷ್ಟು ಕಾಲ ಎಲ್ಲಿ ಉಳಿದಿತ್ತು? ಕ್ರಿ.ಪೂ. 48ರಲ್ಲಿ ಜೂಲಿಯಸ್ ಸೀಸರ್ ಹಡಗುಗಳಿಗೆ ಇಟ್ಟ ಬೆಂಕಿ ಪುಸ್ತಕಗಳಿಗೂ ಹತ್ತಿತೆಂದು ಪ್ಲುಟಾರ್ಕ್ ಬರೆದಿದ್ದಾನೆ. 3ನೇ ಶತಮಾನದಲ್ಲಿ ರೋಮನ್ ಚಕ್ರವರ್ತಿ ಆರೀಲಿಯನ್ ನಡೆಸಿದ ಕಾಳಗದಲ್ಲಿ ಗ್ರಂಥಾಲಯವಿದ್ದ ಅರಮನೆಯ ಕಡೆಯ ಬಡಾವಣೆ ಹಾಳಾಯಿತು. 391ರ ಸುಮಾರಿಗೆ, ಗ್ರಂಥಾಲಯದ ಶಾಖೆಯಿದ್ದ ಸೆರಾಪಿಸ್ ದೇಗುಲವನ್ನು ಕ್ರೈಸ್ತರು ಕೆಡವಿದರು. ಪ್ರತಿ ಮಾಡಿಸಲು ದುಡ್ಡು ಕೊಡುವ ದೊರೆಯಿಲ್ಲದಿದ್ದರೆ ಪಪೈರಸ್ ಸುರುಳಿ ಹಾಳಾಗಲು ಬೆಂಕಿಯೂ ಬೇಕಿಲ್ಲ.

ಇನ್ನು ಸಾಕ್ಷಿ. ಈಜಿಪ್ಟಿನ ನಿಕಿಯು ಊರಿನ ಬಿಷಪ್ ಜಾನ್ ಅದೇ ಶತಮಾನದವನು. ಅರಬ್ಬರ ದಾಳಿಯ ಕ್ರೌರ್ಯವನ್ನು ಬಿಡದೆ ಬರೆದವನು ಈ ಬೆಂಕಿಯ ಸುದ್ದಿಯನ್ನೇ ಎತ್ತುವುದಿಲ್ಲ. ಕಥೆ ತಲೆಯೆತ್ತುವುದು 1200ರ ಸುಮಾರಿಗೆ, ಅಬ್ದುಲ್ ಲತೀಫ್ ಅಲ್-ಬಗ್ದಾದಿಯ ಬರಹದಲ್ಲಿ. ಅದಕ್ಕೆ ಸಂಭಾಷಣೆ, ಒಲೆಗಳ ಅಲಂಕಾರ ಮಾಡಿದವನು ಇಬ್ನ್ ಅಲ್-ಕಿಫ್ತಿ. ಇಬ್ಬರೂ ಮುಸ್ಲಿಮರಲ್ಲವೇ ಎಂದು ವಾದಿಸುವವರಿದ್ದಾರೆ. ಇರಲಿ, ಐನೂರೈವತ್ತು ವರ್ಷ ಕಳೆದ ಮೇಲೆ ಕಣ್ಣಾರೆ ಕಂಡವರಂತೂ ಅಲ್ಲ. 14ನೇ ಶತಮಾನದ ಇಬ್ನ್ ಖಲ್ದೂನ್ ಇಂಥದೇ ಉತ್ತರವನ್ನು ಪರ್ಷಿಯದ ಪುಸ್ತಕಗಳ ವಿಷಯದಲ್ಲಿ ಹೇಳುತ್ತಾನೆ. ಅಲ್ಲಿ ಬೆಂಕಿಯ ಬದಲು ನೀರು.

 

ಖಲೀಫರನ್ನು ಹೊಗಳುವವರೂ ಕಥೆ ಕಟ್ಟುವುದರಲ್ಲಿ ಹಿಂದೆ ಬಿದ್ದಿಲ್ಲ. ಬಗ್ದಾದಿನ ಬೈತುಲ್ ಹಿಕ್ಮಾ ಜಗತ್ತಿನ ಮೊದಲ ವಿಶ್ವವಿದ್ಯಾಲಯವಂತೆ! ಖಲೀಫರ ಪುಸ್ತಕ ಭಂಡಾರ ಎನ್ನುವುದನ್ನು ಮೀರಿ ಹೇಳಲು ಆಧಾರ ತೀರ ಕಡಿಮೆ. ನಿಜವಾಗಿ ನಡೆದದ್ದು ಇವರಿಗೆ ಸಾಲದು. ಅದೇ ಊರಿನಲ್ಲಿ 9ನೇ ಶತಮಾನದ ಕ್ರೈಸ್ತ ವೈದ್ಯ ಹುನೈನ್ ಇಬ್ನ್ ಇಸ್ಹಾಕ್ ಗ್ರೀಕ್ ವೈದ್ಯ ಗ್ಯಾಲೆನ್‌ನ ಗ್ರಂಥಗಳನ್ನು ಸಿರಿಯಕ್ ಮತ್ತು ಅರಬ್ಬಿಗೆ ತಂದ. ಗ್ಯಾಲೆನ್ ತರ್ಕದ ಬಗ್ಗೆ ಬರೆದ ಒಂದು ಗ್ರಂಥಕ್ಕಾಗಿ ಸಿರಿಯಾ, ಪ್ಯಾಲೆಸ್ಟೈನ್, ಈಜಿಪ್ಟುಗಳನ್ನು ಸುತ್ತಿ ಅಲೆಕ್ಸಾಂಡ್ರಿಯಾವರೆಗೂ ಹೋಗಿದ್ದ. ಕೊನೆಗೆ ಅರ್ಧದಷ್ಟು ಸಿಕ್ಕಿದ್ದು ಡಮಾಸ್ಕಸ್‌ನಲ್ಲಿ.