ಕಣ್ಣಿನ ಹೆಚ್ಚುವರಿ ರಕ್ತನಾಳ ತಡೆಯುವ ಚುಚ್ಚುಮದ್ದು

ಲೆಕ್ಕದ ಪುಸ್ತಕದ ನೇರ ಗೆರೆ ಸೊಟ್ಟಗೆ ಕಾಣತೊಡಗಿದರೆ ಅನೇಕ ಹಿರಿಯರು ಕನ್ನಡಕ ಬದಲಿಸಲು ಹೋಗುತ್ತಾರೆ. ದೋಷ ಕನ್ನಡಕದ್ದಾಗಿರದೆ, ಕಣ್ಣಿನ ಒಳಪರದೆಯಾದ ರೆಟಿನಾದ್ದಾಗಿರಬಹುದು. ವಯಸ್ಸಾದವರಿಗೆ ಬರುವ ಒಂದು ಕಾಯಿಲೆಯಲ್ಲಿ ಅದರ ಅಡಿ ಬೇಡದ ರಕ್ತನಾಳಗಳು ಬೆಳೆಯುತ್ತವೆ. ಸಕ್ಕರೆ ಕಾಯಿಲೆಯವರಲ್ಲಿ ಇರುವ ನಾಳಗಳೇ ಸೋರಿ ರೆಟಿನಾದ ನಡುಭಾಗ ಊದಿಕೊಳ್ಳುತ್ತದೆ. ಎರಡರಲ್ಲೂ ವಿಇಜಿಎಫ್ ಎಂಬ ಪ್ರೋಟೀನಿನ ಪಾತ್ರ ದೊಡ್ಡದು. ಗಾಯ ಮಾಯಲು ಬೇಕಾದದ್ದೂ ಇದೇ. ಕಣ್ಣಿನಲ್ಲಿ ಹೆಚ್ಚಾದರೆ ಮಾತ್ರ ಹಾನಿ.

ವಿಇಜಿಎಫ್ ನಾಳದ ಗೋಡೆಯಲ್ಲಿರುವ ಗ್ರಾಹಕಗಳಿಗೆ ಅಂಟಿದಾಗ ನಾಳ ಬೆಳೆಯತೊಡಗುತ್ತದೆ. ಅಮೆರಿಕದ ರೀಜೆನೆರಾನ್ ಕಂಪನಿಯ ವಿಜ್ಞಾನಿಗಳು ಇಂಥ ಎರಡು ಗ್ರಾಹಕಗಳ ತುಂಡುಗಳನ್ನು ಮನುಷ್ಯರ ಪ್ರತಿಕಾಯದ ಒಂದು ಭಾಗಕ್ಕೆ ಬೆಸೆದು ಹೊಸ ಪ್ರೋಟೀನ್ ರೂಪಿಸಿದರು. ಅದೇ ಅಫ್ಲಿಬರ್ಸೆಪ್ಟ್. ಮಾಲು ಅಂಗಡಿ ಸೇರುವ ಮೊದಲೇ ದಾರಿಯಲ್ಲಿ ಹಿಡಿದಿಟ್ಟಂತೆ, ಇದು ವಿಇಜಿಎಫ್ ಅನ್ನು ಗೋಡೆ ಮುಟ್ಟಗೊಡುವುದಿಲ್ಲ. ಕಣ್ಣಿನ ಚಿಕಿತ್ಸೆಗೆ ಅಮೆರಿಕ 2011ರ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಇದಕ್ಕೆ ಸಮಾನವಾದ, ನಮ್ಮ ಬೆಂಗಳೂರಿನ ಬಯೋಕಾನ್ ಬಯಾಲಜಿಕ್ಸ್‌ನ 'ಯೆಸಾಫಿಲಿ'ಗೆ 2023ರಲ್ಲಿ ಯುರೋಪ್, 2024ರ ಮೇ ತಿಂಗಳಲ್ಲಿ ಅಮೆರಿಕ ಅನುಮತಿ ನೀಡಿವೆ.

ಇದು ಪ್ರಾಣಿಜನ್ಯವೇ ಎಂಬ ಪ್ರಶ್ನೆ ಜೈನ ಮನೆಗಳಲ್ಲಿ ಸಹಜ. ಅಫ್ಲಿಬರ್ಸೆಪ್ಟ್ ತಯಾರಾಗುವುದು ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಕೋಶಗಳಲ್ಲಿ. ಆ ಕೋಶಗಳ ಮೂಲ ಸಂತತಿಯನ್ನು 1957ರಲ್ಲಿ ತೆಗೆದದ್ದು. ಅಂದಿನಿಂದ ಪ್ರಯೋಗಾಲಯದಲ್ಲೇ ಬೆಳೆಸುತ್ತಾ ಬಂದಿದ್ದಾರೆ. ಪ್ರತಿ ಡೋಸಿಗೂ ಹೊಸ ಪ್ರಾಣಿ ಬೇಕಿಲ್ಲ. ಆದರೆ ಔಷಧವನ್ನು ಮೊದಲು ಪ್ರಾಣಿಗಳ ಮೇಲೆ ಪರೀಕ್ಷಿಸಿದ್ದು ನಿಜ, ಅದನ್ನು ಮುಚ್ಚಿಡುವುದು ಸರಿಯಲ್ಲ. ತೀರ್ಮಾನ ಆಯಾ ಮನೆಯವರದು. ಅದಕ್ಕಾಗಿ ತಿಂಗಳುಗಟ್ಟಲೆ ತಡಮಾಡಿದರೆ ಹೋದ ದೃಷ್ಟಿ ಮರಳದಿರಬಹುದು.

ಸಾಮಾನ್ಯ ಡೋಸು 2 ಮಿಲಿಗ್ರಾಂ. ಕಣ್ಣು ಮರಗಟ್ಟಿಸಿ ಒಳಗೇ ಚುಚ್ಚುತ್ತಾರೆ. ವಯಸ್ಸಿನ ಕಾಯಿಲೆಗೆ ಮೊದಲು ತಿಂಗಳಿಗೊಂದರಂತೆ ಮೂರು, ಸಕ್ಕರೆ ಕಾಯಿಲೆಯ ಊತಕ್ಕೆ ಐದು. ಆಮೇಲೆ ಸಾಮಾನ್ಯವಾಗಿ ಎರಡು ತಿಂಗಳಿಗೊಮ್ಮೆ. ಗುಂಡಗುರ್ತಿಯಂಥ ಊರಿನಿಂದ ಹಿರಿಯರನ್ನು ಕಲಬುರಗಿಗೋ ಹೈದರಾಬಾದಿಗೋ ಕರೆದೊಯ್ಯುವವರಿಗೆ ಖರ್ಚಿನ ಜೊತೆ ಓಡಾಟವೂ ಭಾರವೇ. ಆದರೂ ದಶಲಕ್ಷಣ ಪರ್ವ ಮುಗಿಯಲಿ, ಮದುವೆ ಮುಗಿಯಲಿ ಎಂದು ತಾರೀಖು ಮುಂದೂಡಬಾರದು. ಔಷಧದ ಪ್ರಭಾವ ಇಳಿದಂತೆ ಸೋರಿಕೆ ಮತ್ತೆ ಶುರುವಾಗಬಹುದು. ಖರ್ಚು ಹೆಚ್ಚೆನಿಸಿದರೆ ಬೆವಾಸಿಜುಮ್ಯಾಬ್ ಬಗ್ಗೆ ವೈದ್ಯರನ್ನು ಕೇಳಬಹುದು. ಅದು ಬೆಸೆದ ಪ್ರೋಟೀನಲ್ಲ, ಪ್ರತಿಕಾಯ. ತಡೆಯುವುದು ವಿಇಜಿಎಫ್ ಅನ್ನೇ, ಬೆಲೆಯೂ ಕಡಿಮೆ.

ಇತ್ತೀಚೆಗೆ ಹೃದಯಾಘಾತ ಅಥವಾ ಪಾರ್ಶ್ವವಾಯು ಆಗಿದ್ದರೆ ಮೊದಲೇ ತಿಳಿಸಿ. ಚುಚ್ಚಿಸಿಕೊಂಡ ಮೇಲೆ ನೋವು, ಕೆಂಪು ಅಥವಾ ಮಂಜು ಹೆಚ್ಚುತ್ತಾ ಹೋದರೆ ಅದೇ ದಿನ ಆಸ್ಪತ್ರೆಗೆ ಮರಳಿ. ಅದು ಕಣ್ಣಿನೊಳಗಿನ ಸೋಂಕಾಗಿರಬಹುದು. ಸಕ್ಕರೆ ಕಾಯಿಲೆಯವರು ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ ವರ್ಷಕ್ಕೊಮ್ಮೆ ರೆಟಿನಾ ಪರೀಕ್ಷೆ ಮಾಡಿಸಬೇಕು.