ಮಗಳು ಮ್ಯೂಸಿಯಂ ಕೆಲಸ ಕಲಿಯುತ್ತೇನೆಂದರೆ...

ಪಿ.ಯು.ಸಿ. ಮುಗಿಸಿದ ಮಗಳು, "ಅಮ್ಮಾ, ನಾನು ಮ್ಯೂಸಿಯಂ ಕೆಲಸ ಕಲೀತೀನಿ" ಎಂದರೆ ನೀವೇನು ಹೇಳುವಿರಿ? ನಮ್ಮ ಅಂತರಸಂತೆಯ ಮನೆಯಲ್ಲಿ ಈ ಮಾತು ಬಂದಾಗ ಅತ್ತೆಯವರು, "ಹಳೇ ಗೊಂಬೆ ಕಾಯೋಕೂ ಕಾಲೇಜು ಬೇಕೇನೇ?" ಎಂದು ನಕ್ಕರು. ನಾನೂ ನಕ್ಕೆನೆನ್ನಿ. ಟೀಚರ್ ಆಗಲಿ ಎಂಬುದು ನನ್ನಾಸೆ.

ನಮ್ಮ ಕೋಟೆ ತಾಲ್ಲೂಕಿನ ಕಿತ್ತೂರೇ ಪುನ್ನಾಟ ಅರಸರ ಕೀರ್ತಿಪುರವೆಂದು ವಿದ್ವಾಂಸರು ಗುರುತಿಸಿದ್ದಾರಂತೆ. ಅದನ್ನು ಪಾಠದಲ್ಲಿ ಕೇಳಿದಾಗಿನಿಂದ ಇವಳಿಗೆ ಈ ಹುಚ್ಚು.

ವಿಚಾರಿಸುತ್ತಾ ಹೋದ ಮೇಲೆ ತಿಳಿಯಿತು, ಇದು ಕಾವಲು ಕೆಲಸವಲ್ಲ. ಮೈಸೂರು ವಿಶ್ವವಿದ್ಯಾನಿಲಯ 1968ರಲ್ಲಿ ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸದಲ್ಲಿ ಜಾನಪದ ವಸ್ತುಸಂಗ್ರಹಾಲಯ ತೆರೆಯಿತಲ್ಲ, ಅಲ್ಲಿ ಸೇರಿಸಿದ್ದೇನು? ನಾವು ಅಟ್ಟಕ್ಕೆ ಎಸೆದಿರುವಂಥ ಪಾತ್ರೆ ಪಡಗ, ಬೇಸಾಯದ ಸಾಮಾನು, ತೊಗಲುಗೊಂಬೆ! ನಮ್ಮ ಅಟ್ಟದಲ್ಲಿ ಗೆದ್ದಲಿಗೆ ಊಟವಾಗುವುದು ಅಲ್ಲಿ ಉಳಿಯಬೇಕಾದರೆ ಯಾರೋ ಕಲಿತವರು ಬೇಕು.

ಓಲೆಗರಿಯನ್ನೇ ನೋಡಿ. 1891ರಲ್ಲಿ ಆರಂಭವಾದ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಓಲೆಗರಿಯಿಂದಲೇ ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಅಚ್ಚು ಮಾಡಿಸಿದ್ದು. ಗರಿಯ ಧೂಳನ್ನು ಮೆತ್ತನೆ ಬ್ರಷ್ಷಿನಿಂದ ತೆಗೆದು, ಮಜ್ಜಿಗೆಹುಲ್ಲಿನ ಎಣ್ಣೆ ಸವರುತ್ತಾರೆ. ಗರಿ ಮುರಿಯದೆ ಬಾಗುತ್ತದೆ, ಹುಳು ದೂರ. ಅಕ್ಷರ ಮಸುಕಾಗಿದ್ದರೆ ದೀಪದ ಕಾಡಿಗೆ ತುಂಬುತ್ತಾರೆ. ಧಾರೆ ಸೀರೆಗೆ ಬಿಸಿಲು ತಾಗಿಸದೆ ಆಗಾಗ ಮಡಿಕೆ ಬದಲಿಸುತ್ತೇವಲ್ಲ, ರೇಷ್ಮೆಗೆ ಮ್ಯೂಸಿಯಮ್ಮಿನಲ್ಲೂ ಅದೇ ಉಪಚಾರ. ಬೆಳಕನ್ನೂ ಅಳೆದು, 50 ಲಕ್ಸ್ ದಾಟದಂತೆ ನೋಡಿಕೊಳ್ಳುತ್ತಾರೆ, ಅಷ್ಟೆ.

ಈಗ ಓದಿನ ವಿಷಯ. ಇಲ್ಲೇ ನಾನು ಎಡವಿದ್ದು, ನೀವು ಎಡವಬೇಡಿ. ವಸ್ತುಗಳನ್ನು ದಾಖಲಿಸಿ, ಜೋಡಿಸಿ, ಜನರಿಗೆ ತೋರಿಸುವ ವಿದ್ಯೆ ಮ್ಯೂಸಿಯಾಲಜಿ. ಇದಕ್ಕೆ ಕಲೆ ಓದಿದವರೂ ಹೋಗಬಹುದು. ಕೆಟ್ಟದ್ದನ್ನು ಸರಿಮಾಡಿ ಉಳಿಸುವ ಸಂರಕ್ಷಣೆಗೆ ರಸಾಯನಶಾಸ್ತ್ರದ ಬಲ ಬೇಕು. ನಮ್ಮ ಹುಡುಗಿಗೆ ಇಷ್ಟವಿದ್ದದ್ದು ಎರಡನೆಯದು. ಆದರೆ ಎಸ್.ಎಸ್.ಎಲ್.ಸಿ. ಆದಾಗ, "ಸೈನ್ಸ್ ಟ್ಯೂಷನ್ನಿಗೆ ದುಡ್ಡೆಲ್ಲಿ?" ಎಂದು ಆರ್ಟ್ಸ್ ಕೊಡಿಸಿದವಳು ನಾನೇ. ಒಂದು ರಾತ್ರಿ ಇಡೀ ಅತ್ತಳು. ನಿಮ್ಮ ಮಕ್ಕಳು ಹತ್ತನೇ ತರಗತಿಯಲ್ಲಿದ್ದರೆ ಈಗಲೇ ಕೇಳಿಬಿಡಿ.

ಸದ್ಯಕ್ಕೆ ಮೈಸೂರಿನಲ್ಲಿ ಇತಿಹಾಸ ತೆಗೆದುಕೊಂಡು ಬಿ.ಎ. ಎಂದು ತೀರ್ಮಾನ. ಆಮೇಲೆ ಮ್ಯೂಸಿಯಾಲಜಿ. ಬರೋಡಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾನಿಲಯದಲ್ಲಿ ಈ ವಿಭಾಗ 1952ರಿಂದಲೂ ಇದೆ. ಕಾಶಿಯಲ್ಲೂ ಕಲಿಸುತ್ತಾರೆ. ದೆಹಲಿಯಲ್ಲಿ 1989ರಲ್ಲಿ ಶುರುವಾದ ನ್ಯಾಷನಲ್ ಮ್ಯೂಸಿಯಂ ಇನ್‌ಸ್ಟಿಟ್ಯೂಟ್ ಈಗ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹೆರಿಟೇಜ್ ಆಗಿ ನೊಯ್ಡಾದಲ್ಲಿದೆ. ದೂರ ನಿಜ. ಮಗನಾಗಿದ್ದರೆ ದೂರದ ಮಾತೆತ್ತುತ್ತಿದ್ದೆವಾ ಎಂದು ನಮ್ಮ ಯಜಮಾನರನ್ನು ಕೇಳಿದೆ. ಸುಮ್ಮನೆ ಪೇಪರ್ ಮಡಿಸಿಟ್ಟರು.

ಕೆಲಸ ಬೇಗ ಸಿಗುತ್ತದೆಂದು ನಾನು ಹೇಳಲಾರೆ, ಹುದ್ದೆಗಳು ಕಡಿಮೆ. ಫೀಸು ಕಟ್ಟುವ ಮುಂಚೆ, ಮ್ಯೂಸಿಯಮ್ಮಿನಲ್ಲಿ ಕೈಯಾರೆ ಕೆಲಸ ಎಷ್ಟು ದಿನ, ಹಾಸ್ಟೆಲ್ ಉಂಟೇ, ಹಿಂದೆ ಓದಿದವರು ಎಲ್ಲಿದ್ದಾರೆ ಎಂದು ನಾಚಿಕೆ ಬಿಟ್ಟು ಕೇಳಿ. ಬಿ.ಎ. ಇದ್ದರೆ ಬಿ.ಎಡ್. ದಾರಿಯಂತೂ ಮುಚ್ಚುವುದಿಲ್ಲ.

ಇವಳು ಆಗಲೇ ಅಟ್ಟದ ಸಾಮಾನು ಇಳಿಸಿ, ಅಳತೆ, ಯಾರು ಬಳಸಿದ್ದು, ಎಲ್ಲಿಂದ ಬಂದದ್ದು ಎಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಾಳೆ. ನಿನ್ನೆ ಅತ್ತೆಯವರು ತವರಿನಿಂದ ತಂದಿದ್ದ ಹಿತ್ತಾಳೆ ಸೇರು ಹಿಡಿದು ಬಂದು, "ಇದನ್ನ ಬರ್ಕೊಂಡ್ಯೇನೇ?" ಎಂದು ಕೇಳಿದರು.